ವಸಾಯಿ ಕೋಟೆಯಲ್ಲೊಂದು ಇಗರ್ಜಿ



ಡೊಂಬಿವಲಿ, ಕಲ್ಯಾಣ್, ಥಾಣೆ ಕಡೆಯವರು ದಿವಾದಿಂದ ವಸಾಯಿ ರೋಡಿಗೆ ಹೋಗುವ ರೈಲನ್ನು ನೋಡಿಯೇ ಇರುತ್ತೀರಿ. ನವಿ ಮುಂಬಯಿಯವರಿಗೆ ಪನ್ವೇಲಿನಿಂದಲೂ ಆ ದಾರಿಯಿದೆ. ಒಂದು ರವಿವಾರ ಬಿಡುವು ಮಾಡಿಕೊಂಡು ವಸಾಯಿ ಕೋಟೆಯನ್ನು ನೋಡಿ ಬನ್ನಿ.

1534ರಲ್ಲಿ ಗುಜರಾತಿನ ಸುಲ್ತಾನ ಬಹಾದ್ದೂರ್ ಷಾ ಒಪ್ಪಂದ ಮಾಡಿಕೊಂಡು ವಸಾಯಿಯನ್ನು ಪೋರ್ಚುಗೀಸರಿಗೆ ಬಿಟ್ಟುಕೊಟ್ಟನು. ಅವರು ಕೋಟೆಯೊಳಗೆ ಒಂದು ಪಟ್ಟಣವನ್ನೇ ಕಟ್ಟಿದರು. ಫ್ರಾನ್ಸಿಸ್ಕನ್, ಜೆಸುಯಿಟ್, ಡೊಮಿನಿಕನ್, ಅಗಸ್ಟೀನಿಯನ್ ಹೀಗೆ ಕ್ಯಾಥೊಲಿಕ್ ಸಂನ್ಯಾಸಿಗಳ ಒಂದೊಂದು ಸಂಘಕ್ಕೂ ಅಲ್ಲಿ ಒಂದೊಂದು ಇಗರ್ಜಿ ಇತ್ತು. ನಮ್ಮ ಕರಾವಳಿಯವರಿಗೆ ‘ಇಗರ್ಜಿ’ ಹೊಸ ಮಾತಲ್ಲ. ಪಾದ್ರಿ, ಮೇಜು, ಚಾವಿಗಳ ಹಾಗೆ ಅದೂ ಪೋರ್ಚುಗೀಸರಿಂದ ಬಂದದ್ದು.

1739ರ ಮೇ ತಿಂಗಳಲ್ಲಿ ಬಾಜಿರಾವ್ ಪೇಶ್ವೆಯ ತಮ್ಮ ಚಿಮಾಜಿ ಅಪ್ಪಾ ಕೋಟೆಯನ್ನು ಗೆದ್ದನು. ಪೋರ್ಚುಗೀಸರು ಹೊರಟುಹೋದರು, ಕಾಲ ಕಳೆದಂತೆ ಊರು ಪಾಳುಬಿತ್ತು. ಈಗ ಅಲ್ಲಿರುವುದು ಹೆಚ್ಚಾಗಿ ಸೂರಿಲ್ಲದ ಗೋಡೆಗಳು, ಮರದ ಬೇರು ಹೊಕ್ಕ ಕಮಾನುಗಳು. ಸಂತ ಜೋಸೆಫರ ಇಗರ್ಜಿಯ ಗೋಪುರ ಇದೆ, ಗಂಟೆ ಇಲ್ಲ. ವಸಾಯಿಯ ಗಂಟೆಗಳನ್ನು ಮರಾಠರು ಗೆಲುವಿನ ಗುರುತಾಗಿ ದೇವಸ್ಥಾನಗಳಿಗೆ ಒಪ್ಪಿಸಿದರು. ನಾಶಿಕದ ನಾರೋಶಂಕರ ದೇವಸ್ಥಾನದಲ್ಲಿರುವ, 1721ನೇ ಇಸವಿ ಕೆತ್ತಿರುವ ಗಂಟೆ ಅಂಥದ್ದೆಂದು ಹೇಳುತ್ತಾರೆ.

ಈ ಪಾಳು ಗೋಡೆಗಳ ನಡುವೆ ದುರಸ್ತಿಯಾಗಿ, ಈಗಲೂ ಹಬ್ಬದ ಪೂಜೆ ಕಾಣುವ ಇಗರ್ಜಿ ಜೆಸುಯಿಟರದು. ಆದರೆ ಜನ ಅದನ್ನು ಕರೆಯುವುದು ಫ್ರಾನ್ಸಿಸ್ಕನ್ ಸಂತರೊಬ್ಬರ ಹೆಸರಿನಿಂದ: ಗೊನ್ಸಾಲೊ ಗಾರ್ಸಿಯಾ.

ಅವರು 1556ರ ಸುಮಾರಿಗೆ ವಸಾಯಿಯಲ್ಲೇ ಹುಟ್ಟಿದವರು. ಓದಿದ್ದು ಜೆಸುಯಿಟರ ಬಳಿ. ಅವರ ಜೊತೆಯಲ್ಲೇ ಹುಡುಗನಾಗಿ ಜಪಾನಿಗೆ ಹೋದರು, ಅಲ್ಲಿನ ಭಾಷೆ ಕಲಿತು ಸೇವೆ ಮಾಡಿದರು. ಜೆಸುಯಿಟ್ ಸಂಘಕ್ಕೆ ಸೇರಬೇಕೆಂಬ ಆಸೆ ಮಾತ್ರ ಈಡೇರಲಿಲ್ಲ. ಕೊನೆಗೆ ವ್ಯಾಪಾರಕ್ಕಿಳಿದರು. ಮುಂದೆ ಮನಿಲಾದಲ್ಲಿ ಫ್ರಾನ್ಸಿಸ್ಕನರು ಅವರನ್ನು ಸಂಘಕ್ಕೆ ಸೇರಿಸಿಕೊಂಡರು. ದುಭಾಷಿಯಾಗಿ ಮತ್ತೆ ಜಪಾನಿಗೆ ಹೋದರು. 1597ರ ಫೆಬ್ರುವರಿ 5ರಂದು ನಾಗಸಾಕಿಯಲ್ಲಿ ಹಿದೆಯೋಶಿಯ ಆಜ್ಞೆಯಂತೆ 26 ಮಂದಿಯನ್ನು ಶಿಲುಬೆಗೇರಿಸಿದಾಗ ಅವರೂ ಅದರಲ್ಲಿದ್ದರು. ಜಪಾನಿನಲ್ಲಿ ಈ ಎರಡು ಸಂಘಗಳಿಗೆ ಅಷ್ಟಾಗಿ ಹೊಂದಾಣಿಕೆ ಇರಲಿಲ್ಲ. ಆದರೂ ಆ 26 ಮಂದಿಯಲ್ಲಿ ಮೂವರು ಜೆಸುಯಿಟರು. 1862ರಲ್ಲಿ ಎಲ್ಲರನ್ನೂ ಸಂತರೆಂದು ಸಾರಲಾಯಿತು. ಭಾರತದಲ್ಲಿ ಹುಟ್ಟಿ ಕ್ಯಾಥೊಲಿಕ್ ಸಂತಪದವಿ ಪಡೆದವರಲ್ಲಿ ಗೊನ್ಸಾಲೊ ಮೊದಲಿಗರು.

ಸೈಪ್ರಸ್ಸಿನ ಪಾಫೋಸ್ ಊರಿನಲ್ಲಿ ಹಳೆಯ ಬಸಿಲಿಕಾದ ಅವಶೇಷಗಳ ನಡುವೆ ಆರ್ಥೊಡಾಕ್ಸರ ಇಗರ್ಜಿಯೊಂದಿದೆ. ಅಲ್ಲಿ ಕ್ಯಾಥೊಲಿಕರೂ ಆಂಗ್ಲಿಕನರೂ ತಂತಮ್ಮ ಪ್ರಾರ್ಥನೆ ನಡೆಸುತ್ತಾರೆ. ವಸಾಯಿಯಲ್ಲಿರುವವು ಒಂದೇ ಪಂಗಡದ ಎರಡು ಸಂಘಗಳು. ಸೇರಿಸಿಕೊಳ್ಳದವರ ಮನೆಗೆ ಇಂದು ಆ ಹುಡುಗನದೇ ಹೆಸರು!

ಹೊಟ್ಟೆಪಾಡಿಗೆ ಊರು ಬಿಟ್ಟು ಬಂದ ನಮಗೆ, ಒಂದು ಕಡೆ ‘ಇಲ್ಲ’ ಎನಿಸಿಕೊಂಡು ಇನ್ನೊಂದು ಕಡೆ ‘ಬಾ’ ಎನಿಸಿಕೊಳ್ಳುವುದು ಏನೆಂದು ಗೊತ್ತು. ಮಕ್ಕಳನ್ನು ಕರೆದುಕೊಂಡು ಹೋಗಿ ಈ ಕಥೆ ಹೇಳಿ. ಗೋಡೆಗಳ ಮೇಲೆ ಹೆಸರು ಗೀಚುವವರು ಈಗಾಗಲೇ ಬಹಳ ಮಂದಿ ಇದ್ದಾರೆ. ನಾವು ನೋಡಿಕೊಂಡು ಬರೋಣ.