ಆಸರಾ ಪಿಂಚಣಿ ಮತ್ತು ಮನೆಯ ವಸ್ತುಗಳ ಮಾರಾಟ

ತೆಲಂಗಾಣ ಸರ್ಕಾರವು 2014ರ ನವೆಂಬರ್‌ನಲ್ಲಿ ಆರಂಭಿಸಿದ ಆಸರಾ ಯೋಜನೆಯಡಿ ಅಂಗವಿಕಲರ ಮಾಸಾಶನವು 2023ರಲ್ಲಿ 4,016 ರೂಪಾಯಿಗಳಿಗೆ ಏರಿತು. ವೈಕಲ್ಯದ ಪ್ರಮಾಣದೊಡನೆ ಕುಟುಂಬದ ವಾರ್ಷಿಕ ವರಮಾನವನ್ನೂ ನೋಡಲಾಗುತ್ತದೆ; ಹೈದರಾಬಾದಿನಂತಹ ನಗರಗಳಲ್ಲಿ ಇದರ ಮಿತಿ ಎರಡು ಲಕ್ಷ ರೂಪಾಯಿ.

ಹಳೆಯ ಮಂಚ, ಬೀರು ಮಾರಿದರೆ ಪಿಂಚಣಿ ನಿಂತೀತೆಂದು ಅಳುಕುವವರುಂಟು. ಸ್ವಂತ ಬಳಕೆಯ ಇಂತಹ ವಸ್ತುಗಳನ್ನು ಆದಾಯ ತೆರಿಗೆ ಕಾನೂನು ಬಂಡವಾಳ ಆಸ್ತಿಯೆಂದು ಎಣಿಸುವುದಿಲ್ಲ. ಒಡವೆಯ ಮಾತು ಬೇರೆ. ಅಜ್ಜಿಯ ಕಾಲದ ಬಳೆಯಾದರೂ ಮಾರಾಟದ ಲಾಭ ವರಮಾನವೇ.

ನಿಜವಾದ ತೊಡಕು ಕಾರಿನದು. 2014ರ ಮಾರ್ಗಸೂಚಿಯಂತೆ ನಾಲ್ಕು ಚಕ್ರದ ವಾಹನವುಳ್ಳ ಕುಟುಂಬ ಅನರ್ಹ. ಮಾರಿ ಹಣ ಪಡೆದರಷ್ಟೇ ಸಾಲದು. ಸಾರಿಗೆ ಇಲಾಖೆಯ ದಾಖಲೆಯಲ್ಲಿ ಕೊಂಡವರ ಹೆಸರು ಬರುವವರೆಗೆ ಒಡೆಯರು ನೀವೇ. ರಾಜ್ಯದೊಳಗೆ ಮಾರಿದವರು 14 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಬೇಕೆಂಬುದು ಮೋಟಾರು ವಾಹನ ಕಾಯ್ದೆಯ ವಿಧಿ.