ರುಚಿ ನೋಡಿದರು, ವಿಷ ನೋಡಲಿಲ್ಲ

ವ್ಯಾಪಾರ ಮಾಡುವವನು ಲಾಭ ಬಯಸುವುದು ಸಹಜ. ಲಾಭವಿಲ್ಲದೆ ಅಂಗಡಿಯೂ ನಡೆಯದು, ಕಾರ್ಖಾನೆಯೂ ನಡೆಯದು. ಆದರೆ ತಾನು ಮಾರುವ ವಸ್ತುವಿನಿಂದ ಕೊಳ್ಳುವವನ ಪ್ರಾಣಕ್ಕೆ ಅಪಾಯವಿದೆಯೇ ಎಂದು ನೋಡುವ ಹೊಣೆ ಯಾರದು? ಕಾನೂನು ಹೇಳಿದಷ್ಟನ್ನು ಮಾಡಿದರೆ ಆ ಹೊಣೆ ತೀರಿತೇ? 1937ರಲ್ಲಿ ಅಮೆರಿಕದಲ್ಲಿ ನಡೆದ ಒಂದು ದುರಂತ ಈ ಪ್ರಶ್ನೆಯನ್ನು ಇಡೀ ದೇಶದ ಮುಂದಿಟ್ಟಿತು. ಆ ಪ್ರಶ್ನೆ ಇಂದು ನಮ್ಮ ಮನೆಯ ಕೆಮ್ಮಿನ ಔಷಧದ ಬಾಟಲಿಯವರೆಗೂ ಬಂದು ನಿಂತಿದೆ.

ಹೊಸ ಔಷಧ, ಹೊಸ ಬೇಡಿಕೆ

ಪೆನಿಸಿಲಿನ್ ಇನ್ನೂ ಬಳಕೆಗೆ ಬಾರದಿದ್ದ ಕಾಲವದು. ಗಂಟಲಿನ ಸೋಂಕು, ಬಾಣಂತಿಯರ ಜ್ವರ, ಕೀವು ತುಂಬಿದ ಗಾಯ, ಇಂಥವೂ ಆಗ ಪ್ರಾಣ ತೆಗೆಯುತ್ತಿದ್ದವು. 1930ರ ದಶಕದ ಮಧ್ಯಭಾಗದಲ್ಲಿ ಜರ್ಮನಿಯ ವಿಜ್ಞಾನಿ ಗೆರ್ಹಾರ್ಡ್ ಡೊಮಾಕ್ ಅವರ ಸಂಶೋಧನೆಯ ಫಲವಾಗಿ ಸಲ್ಫಾ ಔಷಧಗಳು ಬೆಳಕಿಗೆ ಬಂದವು. ಅವುಗಳಲ್ಲಿ ಒಂದಾದ ಸಲ್ಫನಿಲಮೈಡ್ ಮಾತ್ರೆಯಾಗಿ, ಪುಡಿಯಾಗಿ ಎಷ್ಟೋ ಜನರ ಪ್ರಾಣ ಉಳಿಸಿತು.

ಟೆನೆಸಿ ರಾಜ್ಯದ ಬ್ರಿಸ್ಟಲ್ ಎಂಬ ಊರಿನಲ್ಲಿ ಎಸ್.ಇ. ಮ್ಯಾಸೆಂಗಿಲ್ ಎಂಬ ಔಷಧ ಕಂಪನಿಯಿತ್ತು. 1937ರ ಜೂನ್ ತಿಂಗಳಲ್ಲಿ ಅದರ ಮಾರಾಟ ಪ್ರತಿನಿಧಿಯೊಬ್ಬ, ದಕ್ಷಿಣದ ರಾಜ್ಯಗಳಲ್ಲಿ ಈ ಔಷಧವನ್ನು ದ್ರವರೂಪದಲ್ಲಿ ಕೇಳುತ್ತಿದ್ದಾರೆಂದು ವರದಿ ಮಾಡಿದ. ಬೇಡಿಕೆಯೇನೋ ಇತ್ತು, ಆದರೆ ಆ ಪುಡಿ ನೀರಿನಲ್ಲಿ ಸುಲಭವಾಗಿ ಕರಗುತ್ತಿರಲಿಲ್ಲ. ಕಂಪನಿಯ ಮುಖ್ಯ ರಸಾಯನಶಾಸ್ತ್ರಜ್ಞ ಹೆರಾಲ್ಡ್ ವಾಟ್ಕಿನ್ಸ್ ಅದನ್ನು ಡೈಎಥಿಲೀನ್ ಗ್ಲೈಕಾಲ್ ಎಂಬ ದ್ರವದಲ್ಲಿ ಕರಗಿಸಿದರು. ಅದು ತಿಳಿಯಾದ, ಸಿಹಿಯಾದ ದ್ರವ. ಸಾಮಾನ್ಯವಾಗಿ ಕಾರ್ಖಾನೆಗಳಲ್ಲಿ ಬಳಕೆಯಾಗುವಂಥದ್ದು.

ಪ್ರಯೋಗಾಲಯದಲ್ಲಿ ಈ ಮಿಶ್ರಣದ ಪರೀಕ್ಷೆ ನಡೆಯಿತು. ಬಣ್ಣ ಸರಿಯಿದೆಯೇ? ವಾಸನೆ ಹಿತವಾಗಿದೆಯೇ? ರುಚಿ ಹೇಗಿದೆ? ಎಲ್ಲವೂ ಸರಿಯಾಗಿತ್ತು. ಕುಡಿದವರಿಗೆ ಏನಾಗುತ್ತದೆ ಎಂಬುದನ್ನು ಮಾತ್ರ ಯಾರೂ ಪರೀಕ್ಷಿಸಲಿಲ್ಲ. ಒಂದು ಇಲಿಗೂ ಕುಡಿಸಿ ನೋಡಲಿಲ್ಲ. ಈ ದ್ರವ ಮೂತ್ರಪಿಂಡಕ್ಕೆ ಹಾನಿ ಮಾಡಬಲ್ಲದೆಂದು ಅಂದಿನ ವಿಜ್ಞಾನ ಪತ್ರಿಕೆಗಳಲ್ಲೇ ಪ್ರಕಟವಾಗಿತ್ತು. ಅದನ್ನೂ ಯಾರೂ ತೆರೆದು ನೋಡಲಿಲ್ಲ. ಸೆಪ್ಟೆಂಬರ್ ತಿಂಗಳಲ್ಲಿ 240 ಗ್ಯಾಲನ್, ಅಂದರೆ ಸುಮಾರು 900 ಲೀಟರ್ ಔಷಧ ತಯಾರಾಗಿ, 633 ರವಾನೆಗಳಲ್ಲಿ ದೇಶದ ನಾನಾ ಕಡೆಗೆ ಹೊರಟಿತು. ಅದರ ಹೆಸರು 'ಎಲಿಕ್ಸಿರ್ ಸಲ್ಫನಿಲಮೈಡ್'.

ಬಾಟಲಿಗಳ ಬೇಟೆ

ಅಕ್ಟೋಬರ್‌ನಲ್ಲಿ ಒಕ್ಲಹೋಮ ರಾಜ್ಯದ ಟಲ್ಸಾ ನಗರದ ವೈದ್ಯರಿಂದ ಅಮೆರಿಕದ ವೈದ್ಯಕೀಯ ಸಂಘಕ್ಕೆ ಸಾವಿನ ಸುದ್ದಿ ಬಂತು. ಔಷಧ ಕುಡಿದ ರೋಗಿಗಳಲ್ಲಿ ಮೂತ್ರ ನಿಂತುಹೋಗಿತ್ತು, ಸಹಿಸಲಾಗದ ಹೊಟ್ಟೆನೋವು ಕಾಣಿಸಿಕೊಂಡಿತ್ತು. ಹಲವರು ಒಂದರಿಂದ ಮೂರು ವಾರ ನರಳಿ ಸತ್ತರು. ಸತ್ತವರಲ್ಲಿ ಬಹಳ ಮಂದಿ ಮಕ್ಕಳು.

ಕಂಪನಿ ಆಗಲೇ ತನ್ನ ಪ್ರತಿನಿಧಿಗಳಿಗೆ, ಅಂಗಡಿಗಳಿಗೆ, ವೈದ್ಯರಿಗೆ ತಂತಿ ಕಳಿಸಿತ್ತು. ಆದರೆ ಅದರಲ್ಲಿದ್ದುದು ಔಷಧವನ್ನು ಹಿಂದಕ್ಕೆ ಕಳಿಸಿ ಎಂಬ ಮಾತು ಮಾತ್ರ. ಇದು ಪ್ರಾಣಾಪಾಯದ ವಿಷಯ ಎಂಬ ಸೂಚನೆಯೇ ಇರಲಿಲ್ಲ. ಸರ್ಕಾರದ ಆಹಾರ ಮತ್ತು ಔಷಧ ಆಡಳಿತ ಇಲಾಖೆ ಪಟ್ಟು ಹಿಡಿದ ಮೇಲೆಯೇ ಅಪಾಯವನ್ನು ಸ್ಪಷ್ಟವಾಗಿ ತಿಳಿಸುವ ಎರಡನೆಯ ತಂತಿ ಹೋಯಿತು. ನಡುವೆ ಕಳೆದುಹೋದ ಒಂದೊಂದು ದಿನಕ್ಕೂ ಎಷ್ಟು ಬೆಲೆಯಿತ್ತೆಂದು ನೀವೇ ಊಹಿಸಿ.

ಇಲಾಖೆಯ 239 ಮಂದಿ ಇನ್‌ಸ್ಪೆಕ್ಟರ್‌ಗಳು ಮತ್ತು ರಸಾಯನಶಾಸ್ತ್ರಜ್ಞರು ಬಹುತೇಕ ಎಲ್ಲರೂ ಹುಡುಕಾಟಕ್ಕೆ ಇಳಿದರು. ಅಂಗಡಿಯ ಪುಸ್ತಕಗಳಲ್ಲಿ ಎಷ್ಟೋ ಕಡೆ ಕೊಂಡವರ ವಿಳಾಸವೇ ಇರಲಿಲ್ಲ. ಟೆಕ್ಸಾಸ್‌ನ ಮಾರಾಟ ಪ್ರತಿನಿಧಿಯೊಬ್ಬ ಬಾಯಿ ಬಿಡಬೇಕಾದರೆ ಅವನನ್ನು ಜೈಲಿಗೆ ಹಾಕಬೇಕಾಯಿತು. ಇನ್ನೊಂದೆಡೆ, ಮನೆ ಬದಲಿಸಿದ್ದ ಕುಟುಂಬವೊಂದರ ಮೂರು ವರ್ಷದ ಮಗುವನ್ನು ಹುಡುಕುವುದಕ್ಕಾಗಿ ಇಲಾಖೆಯ ತರುಣ ರಸಾಯನಶಾಸ್ತ್ರಜ್ಞನೊಬ್ಬ ತನ್ನ ಮದುವೆಯನ್ನೇ ಮುಂದಕ್ಕೆ ಹಾಕಿದ. 240 ಗ್ಯಾಲನ್‌ಗಳಲ್ಲಿ 234 ಗ್ಯಾಲನ್‌ಗೂ ಸ್ವಲ್ಪ ಹೆಚ್ಚು ಔಷಧ ಮರಳಿ ಸಿಕ್ಕಿತು. ಸಿಗದೆ ಹೋದದ್ದು ಸುಮಾರು 22 ಲೀಟರ್ ಮಾತ್ರ. ಅಷ್ಟರಿಂದಲೇ 15 ರಾಜ್ಯಗಳಲ್ಲಿ ನೂರಕ್ಕೂ ಹೆಚ್ಚು ಜನ ಸತ್ತಿದ್ದರು.

ಹೆಸರಿನ ತಪ್ಪು

ಈಗ ಕಾನೂನಿನ ವಿಷಯಕ್ಕೆ ಬರೋಣ. ಆಗ ಜಾರಿಯಲ್ಲಿದ್ದುದು 1906ರ ಕಾಯಿದೆ. ಹೊಸ ಔಷಧ ಸುರಕ್ಷಿತವೇ ಎಂದು ಪರೀಕ್ಷಿಸಿದ ಮೇಲೆಯೇ ಮಾರಬೇಕೆಂಬ ನಿಯಮ ಅದರಲ್ಲಿ ಇರಲಿಲ್ಲ. ವಿಷ ಮಾರಿದ ತಪ್ಪಿಗೆ ಕಂಪನಿಯನ್ನು ಹಿಡಿಯುವಂತಿರಲಿಲ್ಲ. ಕೊನೆಗೆ ಸಿಕ್ಕಿದ್ದು ಒಂದು ಶಬ್ದ. 'ಎಲಿಕ್ಸಿರ್' ಎಂದರೆ ಮದ್ಯಸಾರ ಬೆರೆತ ಔಷಧ ಎಂಬ ಅರ್ಥವಿತ್ತು. ಇದರಲ್ಲಿ ಮದ್ಯಸಾರ ಇರಲಿಲ್ಲ. ಹೀಗಾಗಿ ತಪ್ಪು ಹೆಸರಿನಲ್ಲಿ ಮಾರಿದ ಆರೋಪ ಹೊರಿಸಲಾಯಿತು. ಬಾಟಲಿಯ ಮೇಲೆ 'ದ್ರಾವಣ' ಎಂದು ಬರೆದಿದ್ದರೆ ಆ ಔಷಧವನ್ನು ವಶಪಡಿಸಿಕೊಳ್ಳುವ ಅಧಿಕಾರವೂ ಸರ್ಕಾರಕ್ಕೆ ಇರುತ್ತಿರಲಿಲ್ಲ!

ಕಂಪನಿಯ ಮಾಲೀಕ ಸಾವುಗಳಿಗಾಗಿ ವಿಷಾದ ಸೂಚಿಸಿದ. ಆದರೆ ವೈದ್ಯರ ನ್ಯಾಯವಾದ ಬೇಡಿಕೆಯನ್ನು ಪೂರೈಸಿದ್ದೇವೆ, ಇಂಥ ಪರಿಣಾಮ ಊಹೆಗೆ ನಿಲುಕದ್ದು, ನಮ್ಮ ಮೇಲೆ ಹೊಣೆಯಿಲ್ಲ ಎಂದು ಹೇಳಿಕೆ ಕೊಟ್ಟ. ಕಂಪನಿ ಸುಮಾರು 26 ಸಾವಿರ ಡಾಲರ್ ದಂಡ ಕಟ್ಟಿತು. ರಸಾಯನಶಾಸ್ತ್ರಜ್ಞ ವಾಟ್ಕಿನ್ಸ್ ಮಾತ್ರ ವಿಚಾರಣೆಗೆ ಮುನ್ನವೇ ಆತ್ಮಹತ್ಯೆ ಮಾಡಿಕೊಂಡರು.

ಟಲ್ಸಾದ ತಾಯಿಯೊಬ್ಬಳು ತನ್ನ ಆರು ವರ್ಷದ ಮಗಳನ್ನು ಕಳೆದುಕೊಂಡು ಅಧ್ಯಕ್ಷ ರೂಸ್‌ವೆಲ್ಟ್ ಅವರಿಗೆ ಪತ್ರ ಬರೆದಳು. ಹೊಸ ಔಷಧ ಕಾಯಿದೆಯ ಮಸೂದೆ 1933ರಿಂದಲೂ ಅಮೆರಿಕದ ಕಾಂಗ್ರೆಸ್ಸಿನಲ್ಲಿ ತೆವಳುತ್ತಿತ್ತು. ಈ ದುರಂತದ ನಂತರ ಅದು ವೇಗ ಪಡೆದು, 1938ರ ಜೂನ್ 25ರಂದು ರೂಸ್‌ವೆಲ್ಟ್ ಅವರ ಅಂಕಿತ ಬಿತ್ತು. ಅಂದಿನಿಂದ ಔಷಧ ಸುರಕ್ಷಿತವೆಂದು ಮಾರಾಟಕ್ಕೆ ಮೊದಲೇ ತೋರಿಸುವುದು ತಯಾರಕನ ಹೊಣೆಯಾಯಿತು.

ಒಬ್ಬ ವಿದ್ಯಾರ್ಥಿನಿ ಕಲಿತ ಪಾಠ

ಯಾವ ಅಂಶದಿಂದ ಸಾವು ಬಂತೆಂದು ತಿಳಿಯಲು ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಪ್ರಾಣಿಗಳ ಮೇಲೆ ಪ್ರಯೋಗ ನಡೆಯಿತು. ಆ ಕೆಲಸದಲ್ಲಿ ನೆರವಾದ ವಿದ್ಯಾರ್ಥಿನಿಯೊಬ್ಬಳು 1960ರಲ್ಲಿ ಅದೇ ಆಹಾರ ಮತ್ತು ಔಷಧ ಆಡಳಿತ ಇಲಾಖೆಯನ್ನು ಸೇರಿದರು. ಅವರೇ ಡಾ. ಫ್ರಾನ್ಸಿಸ್ ಕೆಲ್ಸಿ. ಅವರ ಮೇಜಿಗೆ ಬಂದ ಮೊದಮೊದಲ ಕಡತಗಳಲ್ಲಿ ಒಂದು ಥಾಲಿಡೊಮೈಡ್ ಎಂಬ ನಿದ್ರೆಯ ಔಷಧದ್ದು. ಯೂರೋಪಿನಲ್ಲಿ ಅದು ಆಗಲೇ ಧಾರಾಳವಾಗಿ ಮಾರಾಟವಾಗುತ್ತಿತ್ತು, ಗರ್ಭಿಣಿಯರೂ ಸೇವಿಸುತ್ತಿದ್ದರು. ಒಪ್ಪಿಗೆಗಾಗಿ ಕಂಪನಿಯ ಪ್ರತಿನಿಧಿಗಳು ಮತ್ತೆ ಮತ್ತೆ ಒತ್ತಡ ಹೇರಿದರು. ಕೆಲ್ಸಿ ಪ್ರತಿಸಲವೂ ಇನ್ನಷ್ಟು ಪುರಾವೆ ಕೇಳಿದರು. 1961ರ ಕೊನೆಯ ಹೊತ್ತಿಗೆ ಜರ್ಮನಿ ಮತ್ತು ಆಸ್ಟ್ರೇಲಿಯಾದ ವೈದ್ಯರು ಈ ಔಷಧದಿಂದ ಶಿಶುಗಳು ಕೈಕಾಲು ಬೆಳೆಯದೆ ಹುಟ್ಟುತ್ತಿರುವುದನ್ನು ಗುರುತಿಸಿದರು. ಜಗತ್ತಿನಲ್ಲಿ ಇಂಥ ಶಿಶುಗಳ ಸಂಖ್ಯೆ ಹತ್ತು ಸಾವಿರಕ್ಕೂ ಹೆಚ್ಚೆಂದು ಅಂದಾಜಿದೆ. ಅಮೆರಿಕದಲ್ಲಿ ಬೆರಳೆಣಿಕೆಯಷ್ಟು ಮಾತ್ರ. ಅವುಗಳಿಗೂ ಬಹುಪಾಲು ಕಾರಣ ಕಂಪನಿ ವೈದ್ಯರಿಗೆ ಮೊದಲೇ ಹಂಚಿದ್ದ ಮಾದರಿ ಮಾತ್ರೆಗಳು. 1962ರಲ್ಲಿ ಅಧ್ಯಕ್ಷ ಕೆನಡಿ ಕೆಲ್ಸಿ ಅವರನ್ನು ಗೌರವಿಸಿದರು.

ನಮ್ಮ ನಾಡಿಗೆ ಬಂದಾಗ

ನಮ್ಮಲ್ಲಿ ಔಷಧ ಕಾಯಿದೆ ಬಂದದ್ದು 1940ರಲ್ಲಿ. ಆದರೂ 1986ರಲ್ಲಿ ಬೊಂಬಾಯಿಯ ಜೆ.ಜೆ. ಆಸ್ಪತ್ರೆಯಲ್ಲಿ ಗ್ಲಿಸರಿನ್ ಸೇವಿಸಿದ 14 ರೋಗಿಗಳು ಸತ್ತರು. ಅದರಲ್ಲಿ ಬೆರೆತಿದ್ದುದು ಅದೇ ಡೈಎಥಿಲೀನ್ ಗ್ಲೈಕಾಲ್. ನ್ಯಾಯಮೂರ್ತಿ ಲೆಂಟಿನ್ ಆಯೋಗ ಇದರ ವಿಚಾರಣೆ ನಡೆಸಿತು. 2022ರಲ್ಲಿ ಆಫ್ರಿಕದ ಗ್ಯಾಂಬಿಯಾದಲ್ಲಿ ಸುಮಾರು 70 ಮಕ್ಕಳು ಸತ್ತಾಗ, ಭಾರತದಲ್ಲಿ ತಯಾರಾದ ಸಿರಪ್‌ಗಳಲ್ಲಿ ಈ ವಿಷ ಕಂಡುಬಂದಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿತು. ತಾನು ಪರೀಕ್ಷಿಸಿದ ಮಾದರಿಗಳಲ್ಲಿ ವಿಷವಿಲ್ಲವೆಂದು ಭಾರತ ಸರ್ಕಾರ ಹೇಳಿತಾದರೂ, 2023ರ ಜೂನ್‌ನಿಂದ ರಫ್ತಾಗುವ ಕೆಮ್ಮಿನ ಸಿರಪ್‌ಗಳಿಗೆ ಪ್ರಯೋಗಾಲಯದ ಪರೀಕ್ಷೆಯನ್ನು ಕಡ್ಡಾಯಗೊಳಿಸಿತು. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಕೆಮ್ಮಿನ ಸಿರಪ್ ಕುಡಿದ ಮಕ್ಕಳು ಸತ್ತಾಗಲೂ ಬಾಟಲಿಯಲ್ಲಿ ಸಿಕ್ಕಿದ್ದು ಇದೇ.

ಒಂದು ವ್ಯತ್ಯಾಸವನ್ನು ಗಮನಿಸಬೇಕು. 1937ರಲ್ಲಿ ಪರೀಕ್ಷಿಸಬೇಕೆಂದು ಕಾನೂನು ಕೇಳಿರಲಿಲ್ಲ. ಈಗ ಕೇಳುತ್ತದೆ. ಔಷಧಕ್ಕೆ ಬಳಸುವ ಶುದ್ಧ ದ್ರಾವಕ ದುಬಾರಿ. ಕಾರ್ಖಾನೆಯ ದರ್ಜೆಯದು ಅಗ್ಗ. ಬಂದ ಸರಕನ್ನು ಪ್ರತಿಸಲ ಪರೀಕ್ಷಿಸಲು ಸಮಯವೂ ಬೇಕು, ಹಣವೂ ಬೇಕು. ಆ ಉಳಿತಾಯದ ಆಸೆ ಹುಟ್ಟುವ ಜಾಗದಲ್ಲಿ ಕಾನೂನಿನ ಪುಸ್ತಕ ಇರುವುದಿಲ್ಲ. ಅಲ್ಲಿರುವುದು ಒಬ್ಬ ರಸಾಯನಶಾಸ್ತ್ರಜ್ಞ, ಒಬ್ಬ ಮ್ಯಾನೇಜರ್, ಸಹಿ ಹಾಕಬೇಕಾದ ಒಂದು ಕಾಗದ. ನಾಳೆ ನಿಮ್ಮಲ್ಲಿ ಕೆಲವರು ಆ ಕುರ್ಚಿಗಳಲ್ಲಿ ಕೂರುವವರು. ಅಂದು ಪರೀಕ್ಷೆಯ ವರದಿ ನೋಡದೆ ಸಹಿ ಹಾಕುವುದಿಲ್ಲ ಎನ್ನುವವರು ಬೇಕು. ಕೆಲ್ಸಿ ಮಾಡಿದ್ದು ಅಷ್ಟೇ.

ಚರ್ಚೆಗೆ

1. ಕಾನೂನು ಕೇಳದಿದ್ದರೂ ಮ್ಯಾಸೆಂಗಿಲ್ ಕಂಪನಿ ಯಾವ ಪರೀಕ್ಷೆಗಳನ್ನು ಮಾಡಬಹುದಾಗಿತ್ತು?
2. ಮೊದಲ ತಂತಿಯಲ್ಲಿ ಅಪಾಯವನ್ನು ತಿಳಿಸದೆ ಇದ್ದುದಕ್ಕೆ ಕಾರಣ ಏನಿರಬಹುದು? ಅದು ಸರಿಯೇ?
3. ಈ ದುರಂತದಲ್ಲಿ ಮಾಲೀಕನ ಹೊಣೆ ಎಷ್ಟು, ರಸಾಯನಶಾಸ್ತ್ರಜ್ಞನ ಹೊಣೆ ಎಷ್ಟು? ನಿಮ್ಮ ಅಭಿಪ್ರಾಯವನ್ನು ಕಾರಣಸಹಿತ ಬರೆಯಿರಿ.