ಟ್ರ್ಯಾಕ್ಟರ್ ಎಂಜಿನ್ ಬೇರಿಂಗ್ ಸವೆತ: ಆಯಿಲ್‌ನಲ್ಲಿರುವ ಲೋಹದ ಕಣಗಳಿಂದ ಗುರುತಿಸುವ ವಿಧಾನ

ಹುಣಸೂರು, ಪಿರಿಯಾಪಟ್ಟಣ ಮತ್ತು ಎಚ್.ಡಿ. ಕೋಟೆ ತಾಲ್ಲೂಕುಗಳಲ್ಲಿ ಮುಂಗಾರು ಪೂರ್ವ ಮಳೆ ಬಿದ್ದೊಡನೆ ತಂಬಾಕಿನ ಹೊಲಗಳ ಉಳುಮೆ ಆರಂಭವಾಗುತ್ತದೆ. ಕೆ.ಆರ್. ನಗರದ ಭತ್ತದ ಪ್ರದೇಶದಲ್ಲಿ ನಾಲೆಗೆ ನೀರು ಬಿಟ್ಟ ಕೂಡಲೇ ಗದ್ದೆಗಳನ್ನು ಕೆಸರು ಮಾಡುವ ಕೆಲಸ ಮೊದಲಾಗುತ್ತದೆ. ಈ ದಿನಗಳಲ್ಲಿ ಟ್ರ್ಯಾಕ್ಟರ್ ಎಂಜಿನ್ ಕೆಟ್ಟು ನಿಂತರೆ ದುರಸ್ತಿಯ ಖರ್ಚಿನೊಡನೆ ಮಣ್ಣಿನ ಹದವೂ ಕೈತಪ್ಪುತ್ತದೆ. ಆದುದರಿಂದ ಹಂಗಾಮಿಗೆ ಮುಂಚಿನ ಆಯಿಲ್ ಬದಲಾವಣೆಯನ್ನೇ ಎಂಜಿನ್ ತಪಾಸಣೆಯ ಸಂದರ್ಭವನ್ನಾಗಿ ಬಳಸಿಕೊಳ್ಳುವುದು ಸೂಕ್ತ.

ಕ್ರ್ಯಾಂಕ್ ಶಾಫ್ಟ್ ಮತ್ತು ಕನೆಕ್ಟಿಂಗ್ ರಾಡ್ ಬೇರಿಂಗ್‌ಗಳು ಸಾಮಾನ್ಯವಾಗಿ ಪದರಗಳಿಂದ ಕೂಡಿರುತ್ತವೆ. ಹಿಂಬದಿಯಲ್ಲಿ ಉಕ್ಕಿನ ತಗಡು, ಅದರ ಮೇಲೆ ತಾಮ್ರ–ಸೀಸದ ಮಿಶ್ರಲೋಹ, ಎಲ್ಲಕ್ಕೂ ಮೇಲೆ ಸೀಸ–ತವರದ ಅತಿ ತೆಳುವಾದ ಮೃದು ಲೇಪನ. ಕೆಲವು ಎಂಜಿನ್‌ಗಳಲ್ಲಿ ತಾಮ್ರದ ಬದಲು ಅಲ್ಯೂಮಿನಿಯಂ–ತವರ ಇರುತ್ತದೆ. ಯಾವ ಪದರದ ಕಣ ಆಯಿಲ್‌ನಲ್ಲಿ ಕಾಣುತ್ತಿದೆ ಎಂಬುದರಿಂದ ಸವೆತ ಎಷ್ಟು ಆಳಕ್ಕೆ ಇಳಿದಿದೆ ಎಂದು ತಿಳಿಯಬಹುದು.

ಎಂಜಿನ್ ಬಿಸಿಯಾಗಿರುವಾಗಲೇ ಆಯಿಲನ್ನು ಸ್ವಚ್ಛವಾದ ಪಾತ್ರೆಗೆ ಇಳಿಸಿ, ಬಿಳಿ ಬಟ್ಟೆಯಲ್ಲಿ ಸೋಸಬೇಕು. ಹಳೆಯ ಫಿಲ್ಟರನ್ನು ಎಸೆಯದೆ ಬಿಚ್ಚಿ ನೋಡಬೇಕು. ಗರಗಸದಿಂದ ಕೊಯ್ದರೆ ಗರಗಸದ ಪುಡಿಯೇ ಒಳಗೆ ಬಿದ್ದು ತಪ್ಪು ತೀರ್ಮಾನಕ್ಕೆ ಎಡೆಯಾಗುವುದರಿಂದ ತಗಡು ಕತ್ತರಿಯನ್ನು ಬಳಸಬೇಕು. ಕಾಗದದ ಮಡಿಕೆಗಳನ್ನು ಬಿಡಿಸಿ, ಸೀಮೆಎಣ್ಣೆ ಅಥವಾ ಡೀಸೆಲ್‌ನಲ್ಲಿ ತೊಳೆದು, ಉಳಿದ ಕಣಗಳನ್ನು ಬಿಸಿಲಿನಲ್ಲಿ ಪರೀಕ್ಷಿಸಿರಿ.

ಮೊದಲಿಗೆ ಅಯಸ್ಕಾಂತ ಹಿಡಿಯಿರಿ. ಅಂಟಿಕೊಳ್ಳುವ ಕಣಗಳು ಕಬ್ಬಿಣ ಅಥವಾ ಉಕ್ಕಿನವು. ಇವು ಲೈನರ್, ರಿಂಗ್, ಗೇರ್ ಅಥವಾ ಕ್ರ್ಯಾಂಕ್ ಶಾಫ್ಟ್‌ನಿಂದ ಬಂದಿರಬಹುದು. ಅಂಟದ, ಉಗುರಿಗೆ ಮೃದುವಾದ, ಬೆಳ್ಳಿಬಣ್ಣದ ತೆಳು ಚೂರುಗಳು ಬೇರಿಂಗ್ ಲೇಪನದ್ದಾಗಿರಬಹುದು, ಪಿಸ್ಟನ್ನಿನ ಅಲ್ಯೂಮಿನಿಯಂ ಕೂಡ ಆಗಿರಬಹುದು. ಎರಡನ್ನೂ ಪ್ರತ್ಯೇಕಿಸಲು ಬಿಸಿ ಬೆಸುಗೆ ಕಡ್ಡಿಯನ್ನು ಚೂರಿಗೆ ತಾಗಿಸಿ: ಸೀಸ–ತವರ ಕರಗುತ್ತದೆ, ಅಲ್ಯೂಮಿನಿಯಂ ಕರಗುವುದಿಲ್ಲ. ತಾಮ್ರದ ಕೆಂಪು ಬಣ್ಣದ ಚೂರುಗಳು ಕಂಡರೆ ಮೇಲಿನ ಲೇಪನ ಸವೆದು ಒಳಪದರ ತೆರೆದುಕೊಂಡಿರುವ ಸಂಭವ ಹೆಚ್ಚು. ಪಿಸ್ಟನ್ ಪಿನ್ನಿನ ಬುಷ್‌ನಿಂದಲೂ ತಾಮ್ರ ಬರುವುದರಿಂದ ಇದೊಂದೇ ಆಧಾರದ ಮೇಲೆ ಎಂಜಿನ್ ಬಿಚ್ಚಿಸಬಾರದು. ಬಿಸಿ ಎಂಜಿನ್ ನಿಧಾನಗತಿಯಲ್ಲಿರುವಾಗ ಆಯಿಲ್ ಒತ್ತಡ ಇಳಿಯುವುದು, ಹೊರೆ ಬಿದ್ದಾಗ ಕೆಳಭಾಗದಿಂದ ಗಡುಸಾದ ಬಡಿತ ಕೇಳುವುದು, ಇವೂ ಜೊತೆಗಿದ್ದರೆ ಸಂದೇಹಕ್ಕೆ ಅವಕಾಶವಿಲ್ಲ. ಟ್ರ್ಯಾಕ್ಟರನ್ನು ಕೂಡಲೇ ನಿಲ್ಲಿಸಬೇಕು. "ಈ ಒಂದು ಹೊಲ ಮುಗಿಸಿಬಿಡೋಣ" ಎಂಬ ಆತುರವೇ ಹಲವೆಡೆ ಕನೆಕ್ಟಿಂಗ್ ರಾಡ್ ಮುರಿದು ಬ್ಲಾಕ್ ಒಡೆಯಲು ಕಾರಣವಾಗುತ್ತದೆ. ಬೇಗ ಗುರುತಿಸಿದಲ್ಲಿ ಬೇರಿಂಗ್ ಜೋಡಿಗಳ ಬದಲಾವಣೆಯಷ್ಟೇ ಸಾಕಾಗಬಹುದು. ತಡವಾದರೆ ಕ್ರ್ಯಾಂಕ್ ಶಾಫ್ಟನ್ನು 0.25 ಅಥವಾ 0.50 ಮಿ.ಮೀ. ಉಜ್ಜಿಸಿ, ಅದಕ್ಕೆ ಹೊಂದುವ ಅಳತೆಯ ಬೇರಿಂಗ್ ಹಾಕಿಸಬೇಕಾಗುತ್ತದೆ.

ಹೊಸ ಅಥವಾ ಆಗತಾನೆ ದುರಸ್ತಿಯಾದ ಎಂಜಿನ್‌ನ ಮೊದಲ ಆಯಿಲ್‌ನಲ್ಲಿ ಸ್ವಲ್ಪ ಸೂಕ್ಷ್ಮ ಪುಡಿ ಕಾಣುವುದು ಸಹಜ.

ಪ್ರಯೋಗಾಲಯದ ಆಯಿಲ್ ವಿಶ್ಲೇಷಣೆಯಲ್ಲಿ ಸೀಸ, ತವರ, ತಾಮ್ರಗಳ ಪ್ರಮಾಣ ಪಿಪಿಎಂ ಲೆಕ್ಕದಲ್ಲಿ ದೊರೆಯುತ್ತದೆ. ಒಂದು ವರದಿಗಿಂತ ಅನುಕ್ರಮ ವರದಿಗಳ ಏರಿಕೆ ಮುಖ್ಯ. ಈ ವಿಧಾನವು ಅತಿ ಸಣ್ಣ ಕಣಗಳನ್ನು ಮಾತ್ರ ಅಳೆಯುವುದರಿಂದ, ವರದಿ ಉತ್ತಮವಾಗಿದ್ದರೂ ಫಿಲ್ಟರ್ ಪರಿಶೀಲನೆಯನ್ನು ಬಿಡಬಾರದು. ವರದಿಯಲ್ಲಿ ಸಿಲಿಕಾನ್ ಅಧಿಕವಾಗಿದ್ದರೆ ಹೊಲದ ಧೂಳು ಒಳಸೇರುತ್ತಿದೆ ಎಂದೇ ಸಾಮಾನ್ಯವಾಗಿ ಭಾವಿಸಬೇಕು. ಒಣ ಭೂಮಿಯಲ್ಲಿ ರೋಟಾವೇಟರ್ ಓಡಿಸುವ ದಿನಗಳಲ್ಲಿ ಏರ್ ಕ್ಲೀನರ್‌ನ ಆಯಿಲ್ ಬಟ್ಟಲನ್ನು ಪ್ರತಿದಿನ ನೋಡಿ, ಅದರ ರಬ್ಬರ್ ಕೊಳವೆಯ ಬಿರುಕು ಹಾಗೂ ಸಡಿಲ ಕ್ಲಿಪ್‌ಗಳನ್ನು ಸರಿಪಡಿಸಿಕೊಳ್ಳಿರಿ. ಆಯಿಲ್ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು, ತೆಳುವಾಗಿ ಡೀಸೆಲ್ ವಾಸನೆ ಬರುತ್ತಿದ್ದರೆ ಇಂಧನ ಬೆರೆತಿದೆ; ಅವುಗಳ ಮೂಲವನ್ನು ಸರಿಪಡಿಸದೆ ಹೊಸ ಬೇರಿಂಗ್ ಹಾಕಿಸಿದಲ್ಲಿ ಅದೂ ಅಲ್ಪಕಾಲದಲ್ಲೇ ಸವೆಯುತ್ತದೆ.